ಬಸ್ಸು ಆಗದವಳು

ವ್ಯಾನಿನ ಮುಂದಿನ ಗಾಜಿನ ಹತ್ತಿರ ತೂಗುಹಾಕಿದ್ದ ಸಣ್ಣ ಸೀಸೆಯಿಂದ ನಿಂಬೆಹಣ್ಣಿನ ವಾಸನೆ ಬರುತ್ತಿತ್ತು. ಸೀಸೆಯ ಮೇಲೆ ನಿಂಬೆಹಣ್ಣಿನ ಚಿತ್ರ ಇದ್ದುದರಿಂದ ಹಾಗೆನ್ನಬೇಕು, ಅಷ್ಟೆ. ಪಾತ್ರೆ ತೊಳೆಯುವ ಸೋಪಿಗೂ ಅದಕ್ಕೂ ನನ್ನ ಮೂಗಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿ ಎಸಿ ಹಾಕಿದ್ದರು. ಚಿಪ್ಸಿನ ಮಸಾಲೆ, ಯಾರದೋ ಸೆಂಟು, ಮಕ್ಕಳ ಸಾಕ್ಸು, ಇವೆಲ್ಲ ಆ ವಾಸನೆಯ ಜೊತೆ ಕಲಸಿಕೊಂಡು ಗಂಟಲಲ್ಲಿ ಕೂತಿದ್ದವು.

ನಮ್ಮಣ್ಣನಿಗೆ, ಅಂದರೆ ದೊಡ್ಡಪ್ಪನ ಮಗನಿಗೆ, ಅರವತ್ತು ತುಂಬಿತ್ತು. ಹಿಂದಿನ ದಿನ ಕೊಪ್ಪದಲ್ಲಿ ಶಾಂತಿ, ಹೋಮ, ಊಟ ಎಲ್ಲ ಮುಗಿದಿತ್ತು. ಮಕ್ಕಳಿಗೆ ಹೇಗೂ ರಜೆ ಅಂತ ಇಡೀ ಸಂಸಾರ ಒಂದು ವ್ಯಾನು ಮಾಡಿಕೊಂಡು ಕಡಲ ತೀರದ ಯಾವುದೋ ರೆಸಾರ್ಟಿಗೆ ಹೊರಟಿತ್ತು. ಎಲ್ಲರ ಮೈಮೇಲೂ ಒಂದೇ ಹಳದಿ ಟೀ ಶರ್ಟು. ಎದೆಯ ಮೇಲೆ ಅಣ್ಣನ ಮುಖ, ಅದರ ಕೆಳಗೆ ‘ಅರವತ್ತರ ಹರೆಯ’. ಅರವತ್ತಕ್ಕೆ ಅರಳುಮರಳು ಅನ್ನುವ ಗಾದೆಯನ್ನೇ ಅಚ್ಚು ಹಾಕಿಸಿದ್ದರೆ ನಾನು ಸಂತೋಷದಿಂದ ತೊಡುತ್ತಿದ್ದೆ. ನನಗೂ ಒಂದನ್ನು ತೊಡಿಸಿದ್ದರು, ಸೀರೆಯ ಮೇಲೆ. ಶೃಂಗೇರಿ ಬರುವಷ್ಟರಲ್ಲಿ ಮೂರು ಕಡೆ ಇಳಿಸಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಮೂರರಲ್ಲೂ ನನ್ನ ಮುಖ ಹಾಗಲಕಾಯಿ ತಿಂದವಳ ಹಾಗೆ ಬಂದಿದೆಯಂತೆ. ಬಂದಿರಲಿ.

ಶೃಂಗೇರಿ ದಾಟಿ ಕಾಡಿನ ರಸ್ತೆ ಹಿಡಿದ ಮೇಲೆ ಅಣ್ಣ ಹಿಂದಕ್ಕೆ ತಿರುಗಿ ಕೂತ. ಮಗನಿಗೆ ಹೊಸದಾಗಿ ಹೆಣ್ಣು ಕೊಟ್ಟ ಬೀಗರು ಜೊತೆಗಿದ್ದರು. ಅವರನ್ನು ನಗಿಸುವುದು ತನ್ನ ಜವಾಬ್ದಾರಿ ಅಂತ ಅವನು ಬೆಳಗಿನಿಂದಲೂ ತಿಳಿದುಕೊಂಡಿದ್ದ.

“ಬೀಗರೇ, ಇನ್ನೊಂಚೂರು ಮುಂದೆ ಕೆರೆಕಟ್ಟೆ ಸಿಗ್ತದೆ. ನಮ್ಮ ಚಿಕ್ಕಮ್ಮನ ತವರು. ಅವ್ರ ಕಥೆ ನೀವು ಕೇಳ್ಬೇಕು. ಪಾಪ, ಬಸ್ಸೇ ಆಗ್ತಿರ್ಲಿಲ್ಲ ಮಾರಾಯ್ರೆ! ಮಗಳ ಮದ್ವೆ ದಿಬ್ಬಣದಲ್ಲಿ ಬಸ್ಸು ತುಂಬಾ ಕಕ್ಕಿ, ಗಂಡಿನ ಕಡೆಯವ್ರ ಎದ್ರಿಗೆ ನಮ್ಮಪ್ಪನ ಮರ್ಯಾದೆ ತೆಗ್ದಿದ್ರು.”

ವ್ಯಾನು ತುಂಬ ನಗು. ಮುಂದಿನ ಸೀಟಿನಲ್ಲಿ ಕೂತಿದ್ದ ನನ್ನ ತಂಗಿಯೂ ನಕ್ಕಳು. ಅವಳು ಆ ಚಿಕ್ಕಮ್ಮನ ಒಬ್ಬಳೇ ಮಗಳು. ಆ ಮದುವೆ ಅವಳದ್ದೇ.

ನನಗೆ ಅಸಹ್ಯವಾಯಿತು. ವಾಂತಿಯ ಮಾತಿಗಲ್ಲ. ಆ ದಿನ ಬಸ್ಸಿನಲ್ಲಿ ಕಕ್ಕಿದ್ದು ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ಅದನ್ನು ಒರೆಸಿದ ಇಬ್ಬರಲ್ಲಿ ನಾನೊಬ್ಬಳು.

ಚಿಕ್ಕಮ್ಮ ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಮ್ಮದು ಆಗ ಕೂಡು ಕುಟುಂಬ. ಕೊಪ್ಪದ ಪೇಟೆಯಲ್ಲಿ ಜವಳಿ ಅಂಗಡಿ, ಅಂಗಡಿಯ ಹಿಂದೆ ಉದ್ದಕ್ಕೆ ರೈಲಿನ ಹಾಗಿದ್ದ ಮನೆ. ದೊಡ್ಡಪ್ಪನದೇ ಯಜಮಾನಿಕೆ. ಅವರ ಮಾತಿಗೆ ನನ್ನ ಅಪ್ಪ ‘ಹೂಂ’ ಅನ್ನುತ್ತಿದ್ದರು. ಚಿಕ್ಕಪ್ಪ ಅದನ್ನೂ ಅನ್ನುತ್ತಿರಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವರು. ಆ ಮನೆಗೆ ಚಿಕ್ಕಮ್ಮ ಕೆರೆಕಟ್ಟೆಯಿಂದ ಮದುಮಗಳಾಗಿ ಬಂದದ್ದೇ ವಾಂತಿ ಮಾಡಿಕೊಂಡು.

ಆ ಬಸ್ಸಿನಲ್ಲಿ ನಾನೂ ಇದ್ದೆನಂತೆ, ಅಮ್ಮನ ಮಡಿಲಲ್ಲಿ. ನೆನಪಿಲ್ಲ... ಕೇಳಿ ಕೇಳಿ ನೆನಪಾದದ್ದು ಅಷ್ಟೆ. ಬೆಳಗಿನಿಂದ ಧಾರೆಯವರೆಗೆ ಉಪವಾಸ, ಆಮೇಲೆ ಎರಡೂ ಕಡೆಯ ಹೆಂಗಸರು ಸರದಿಯ ಮೇಲೆ ಬಾಯಿಗೆ ತುರುಕಿದ ಸಿಹಿ, ಕೊನೆಗೆ ಬಸ್ಸಿನ ಹಿಂದಿನ ಸೀಟು. ಯಾರ ಹೊಟ್ಟೆಯಾದರೂ ತಿರುಗಿಬೀಳದೆ ಇದ್ದೀತೇ? ಶೃಂಗೇರಿ ಬರುವ ಮೊದಲೇ ಆಯಿತು. ಆದದ್ದು ಪಕ್ಕದಲ್ಲಿದ್ದ ದೊಡ್ಡಮ್ಮನ ಹೊಸ ಧರ್ಮಾವರಂ ಸೀರೆಯ ಮೇಲೆ. ಸೀರೆಯ ಕಲೆ ಹೋಯಿತೋ ಇಲ್ಲವೋ ಗೊತ್ತಿಲ್ಲ, ಮಾತು ಮಾತ್ರ ಮನೆಯಲ್ಲಿ ನಿಂತುಬಿಟ್ಟಿತು. ‘ಅವ್ಳಿಗೆ ಬಸ್ಸು ಆಗೂದಿಲ್ಲ.’

ನಮ್ಮ ಕಡೆ ಈ ‘ಆಗೂದಿಲ್ಲ’ ಬಹಳ ಉಪಯೋಗದ ಮಾತು. ಹೊಟ್ಟೆಗೆ ಬದನೆಕಾಯಿ ಆಗೂದಿಲ್ಲ, ಮೈಗೆ ತಣ್ಣೀರು ಆಗೂದಿಲ್ಲ, ಅತ್ತೆಗೂ ಸೊಸೆಗೂ ಆಗೂದಿಲ್ಲ. ಒಂದು ಸಲ ಹಾಗೆ ಹೇಳಿಬಿಟ್ಟರೆ ಆಮೇಲೆ ಯಾರೂ ಪರೀಕ್ಷೆ ಮಾಡಿ ನೋಡುವುದಿಲ್ಲ. ನಮ್ಮ ಮನೆಯವರಿಗೆ ಅದು ಕೇಳಿ ಪಡೆದ ವರದಂತಾಯಿತು. ಯಾಕೆಂದರೆ ಸಂಸಾರವೆಲ್ಲ ಊರಿಗೆ ಹೊರಟಾಗ ಮನೆಗೊಬ್ಬರು ಬೇಕು. ಹಾಲಿನವನಿಗೆ ಬಾಗಿಲು ತೆಗೆಯಲು, ದೇವರಿಗೆ ದೀಪ ಹಚ್ಚಲು, ಹಾಸಿಗೆ ಬಿಟ್ಟೇಳದ ಅಜ್ಜಿಗೆ ಗಂಜಿ ಕುಡಿಸಲು ಒಬ್ಬರು ಬೇಕು. ಆ ಒಬ್ಬರು ಯಾರು ಎನ್ನುವ ಜಗಳವೇ ಇಲ್ಲದ ಹಾಗಾಯಿತು.

ದಸರಾ ರಜೆ ಬಂದರೆ ಕೊಲ್ಲೂರು, ಬೇಸಿಗೆ ರಜೆ ಬಂದರೆ ಉಡುಪಿ, ಧರ್ಮಸ್ಥಳ. ಒಂದು ವರ್ಷ ಮೈಸೂರು. ಹೊರಡುವ ದಿನ ಎಲ್ಲರಿಗಿಂತ ಮೊದಲು ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿಕೊಡುತ್ತಿದ್ದವಳು ಅವಳೇ. ತಿರುಗಿ ಬರುವ ದಿನ ಬಚ್ಚಲ ಒಲೆಗೆ ಬೆಂಕಿ ಹಾಕಿ, ಪ್ರಯಾಣ ಮಾಡಿ ಬಂದವರ ನಾಲಿಗೆಗೆ ಹಿತವಾಗಲಿ ಅಂತ ತಿಳಿಸಾರು ಮಾಡಿ ಕಾಯುತ್ತಿದ್ದವಳೂ ಅವಳೇ. ನಾವು ಮಕ್ಕಳು ಘಟ್ಟದಲ್ಲಿ ತಿಂದದ್ದನ್ನೆಲ್ಲ ಕಕ್ಕಿಕೊಂಡು ಬಂದಿರುತ್ತಿದ್ದೆವು. ಆ ಬಟ್ಟೆಗಳ ಗಂಟು ಸೀದಾ ಅವಳ ಒಗೆಯುವ ಕಲ್ಲಿನ ಹತ್ತಿರ ಹೋಗುತ್ತಿತ್ತು. ಬಸ್ಸಿನಲ್ಲಿ ಕಕ್ಕಿದವರ ಬಟ್ಟೆಯನ್ನು ಬಸ್ಸು ಆಗದವಳ ಕೈಯಲ್ಲಿ ಒಗೆಸಿದ ಮನೆ ನಮ್ಮದು. ಬದಲಿಗೆ ಅವಳಿಗೆ ಒಂದು ಕುಂಕುಮದ ಪೊಟ್ಟಣ ಸಿಗುತ್ತಿತ್ತು. ಮೈಸೂರಿನಿಂದ ಬಂದಾಗ ಅರಮನೆಯ ಚಿತ್ರವಿದ್ದ ಕೀಚೈನು. ಅವಳ ಹತ್ತಿರ ಕೀಲಿಕೈ ಇರುವ ಒಂದು ಟ್ರಂಕೂ ಇರಲಿಲ್ಲ.

ತಮಾಷೆ ಅಂದರೆ ಕೊಪ್ಪಕ್ಕೆ ಬಂದು ಹೋಗುವ ಬಸ್ಸುಗಳೆಲ್ಲ ಅವಳಿಗೆ ಹಾರನ್ನಿನ ಮೇಲೆ ಗುರುತು. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಲೇ, “ಕಮ್ಮರಡಿ ಬಸ್ಸು ಹೋಯ್ತು, ಅನ್ನಕ್ಕಿಡೇ” ಅನ್ನುತ್ತಿದ್ದಳು. ಮಧ್ಯಾಹ್ನದ ಶೃಂಗೇರಿ ಬಸ್ಸಿನ ಹಾರನ್ನಿಗೆ ಕಫ ಕಟ್ಟಿದೆ ಅಂತ ನಗುತ್ತಿದ್ದಳು. ತವರಿನ ದಾರಿಯ ಆ ಬಸ್ಸು ಬಂದಾಗಲೆಲ್ಲ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು...

ಮಗಳಿಗೆ ಅಕ್ಷರಾಭ್ಯಾಸ ಮಾಡಿಸಬೇಕಾದಾಗ ಅವಳು ಬಾಯಿಬಿಟ್ಟು ಕೇಳಿದಳು. ಶೃಂಗೇರಿಯಲ್ಲಿ ಶಾರದೆಯ ಎದುರಿಗೆ ಮಗುವನ್ನು ತಾಯಿ ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿಯ ಮೇಲೆ ಬರೆಸಬೇಕು, ಅದಕ್ಕಾದರೂ ಬರುತ್ತೇನೆ ಅಂದಳು. ಬೆಳಿಗ್ಗೆ ಸ್ನಾನ ಮಾಡಿ, ಮದುವೆಯ ಸೀರೆ ಉಟ್ಟು, ಮಗುವಿಗೆ ಜಡೆ ಹಾಕಿ ಜಗಲಿಯಲ್ಲಿ ನಿಂತಿದ್ದಳು.

ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಅವ್ಳು ಎಂತಕ್ಕೆ? ದಾರೀಲಿ ಕಕ್ಕಿದ್ರೆ ಮಡಿ ಗಿಡಿ ಎಲ್ಲ ಹಾಳು. ಮನೆಗೊಬ್ರು ಬೇಕಲ್ಲ, ಇರ್ಲಿ” ಅಂದರು.

ಚಿಕ್ಕಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತಿದ್ದರು. ಅಂದು ಮಗು ಬರೆದದ್ದು ದೊಡ್ಡಮ್ಮನ ತೊಡೆಯ ಮೇಲೆ ಕೂತು. ಫೋಟೋ ಈಗಲೂ ಇದೆ. ಅಣ್ಣ ಅದನ್ನೂ ಅರವತ್ತರ ಊಟದ ದಿನ ದೊಡ್ಡ ಪರದೆಯ ಮೇಲೆ ತೋರಿಸಿದ, ಕೆಳಗೆ ‘ಅಮ್ಮನ ಮಮತೆ’ ಅಂತ ಬರೆಸಿ. ಅವನಮ್ಮನ ಮಮತೆ!

ಅವಳ ಬಸ್ಸಿನ ಗುಟ್ಟು ನನಗೆ ಗೊತ್ತಾದದ್ದು ಹೈಸ್ಕೂಲಿನಲ್ಲಿದ್ದಾಗ. ಬಸರೀಕಟ್ಟೆಯಲ್ಲಿ ಅವಳ ಅಕ್ಕನಿಗೆ ಕಾಯಿಲೆ ಜೋರಾಯಿತು. ದೊಡ್ಡಪ್ಪ ಊರಿನಲ್ಲಿರಲಿಲ್ಲ. ಚಿಕ್ಕಪ್ಪ ಹೇಗೋ ಧೈರ್ಯ ಮಾಡಿ ಅವಳನ್ನು ಕಳಿಸಿದರು, ಜೊತೆಗೆ ನನ್ನನ್ನೂ. ಪ್ಲಾಸ್ಟಿಕ್ ಕವರು ಹಿಡಿದುಕೊಂಡು ನಾನು ಅವಳ ಪಕ್ಕ ಹೆದರಿ ಕೂತಿದ್ದೆ. ಜಯಪುರದವರೆಗೆ ಬಸ್ಸು. ಅವಳು ಕಿಟಕಿಗೆ ಮುಖ ಕೊಟ್ಟು ಹುರಿಗಡಲೆ ತಿನ್ನುತ್ತಾ ಹೋದಳು. ಅಲ್ಲಿಂದ ಮುಂದೆ ಎಸ್ಟೇಟಿಗೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪು. ಕೂರಲು ಜಾಗವಿಲ್ಲ. ಚಿಕ್ಕಮ್ಮ ಹಿಂದುಗಡೆ ಕಬ್ಬಿಣದ ಸರಳು ಹಿಡಿದು ಆಳುಗಳ ಜೊತೆ ನಿಂತಳು. ಹೊಂಡದಿಂದ ಹೊಂಡಕ್ಕೆ ಜೀಪು ಹಾರುತ್ತಿತ್ತು. ನನಗೆ ಹೊಟ್ಟೆ ತೊಳಸಿ ಕವರು ನಾನೇ ಉಪಯೋಗಿಸಿದೆ. ಅವಳಿಗೆ ಏನೂ ಆಗಲಿಲ್ಲ.

ಇಳಿದ ಮೇಲೆ ಕೇಳಿದೆ. “ನಿಂಗೆ ಬಸ್ಸು ಆಗೂದಿಲ್ಲ ಅಲ್ದಾ ಚಿಕ್ಕಮ್ಮ?”

ಅವಳು ನನ್ನ ಬಾಯಿ ಒರೆಸುತ್ತಾ ನಕ್ಕಳು. “ಬಸ್ಸು ಆಗ್ತದೆ ಮಾರಾಯ್ತಿ. ಬಸ್ಸಲ್ಲಿ ಕೂತವ್ರು ಆಗೂದಿಲ್ಲ.”

ಆ ಮಾತು ಎಷ್ಟು ದೊಡ್ಡದು ಅಂತ ಆಗ ನನಗೆ ಗೊತ್ತಾಗಲಿಲ್ಲ. ಜೋಕು ಅಂದುಕೊಂಡೆ...

ತಂಗಿಗೆ ನರಸಿಂಹರಾಜಪುರದ ಹುಡುಗ ಗೊತ್ತಾದ. ಹುಡುಗನ ಅಜ್ಜಿ ಎದ್ದು ಓಡಾಡುವ ಹಾಗಿರಲಿಲ್ಲ. ಅವರ ಕಣ್ಣೆದುರಿಗೇ ಆಗಲಿ ಅಂತ ಮದುವೆಯನ್ನು ಅಲ್ಲಿಯೇ ಇಟ್ಟುಕೊಂಡರು. ಹೀಗಾಗಿ ಹೆಣ್ಣಿನ ಕಡೆಯವರಾದ ನಾವೇ ಬಸ್ಸು ಮಾಡಿಕೊಂಡು ಹೊರಡಬೇಕಾಯಿತು. ಚಿಕ್ಕಮ್ಮ ವಾರದ ಮೊದಲಿನಿಂದಲೂ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು, “ಈ ಸಲ ಬಿಟ್ಟು ಹೋಗ್ಲಿಕ್ಕೆ ಆಗೂದಿಲ್ಲ ಅಲ್ದಾ? ಧಾರೆ ಎರೀಲಿಕ್ಕೆ ತಾಯಿ ಬೇಕಲ್ಲ.” ಅವಳಿಗೆ ಇನ್ನೊಂದು ಆಸೆಯೂ ಇತ್ತು. ಇಡೀ ದಿಬ್ಬಣದ ಎದುರಿಗೆ ನೆಟ್ಟಗೆ ಕೂತು ಹೋಗಿ, ನೆಟ್ಟಗೆ ಇಳಿದು ತೋರಿಸಬೇಕು. ಅಲ್ಲಿಗೆ ಆ ಮಾತು ಸಾಯುತ್ತದೆ. ಮಗಳ ಮನೆಗೆ ಹೋಗಿ ಬರುವ ದಾರಿ ತೆರೆಯುತ್ತದೆ.

ಮದುಮಗಳು ಸೋದರಮಾವನ ಜೊತೆ ಕಾರಿನಲ್ಲಿ ಮುಂದೆ ಹೋದಳು. ಅಣ್ಣ ಸಾಮಾನಿನ ಜೊತೆ ಹಿಂದಿನ ದಿನವೇ ಹೋಗಿದ್ದ. ಉಳಿದವರೆಲ್ಲ ಬಸ್ಸಿನಲ್ಲಿ. ದೊಡ್ಡಮ್ಮ ಚಿಕ್ಕಮ್ಮನನ್ನು ಕೊನೆಯ ಸೀಟಿಗೆ, ಪಾತ್ರೆಗಳ ಪಕ್ಕಕ್ಕೆ ಕಳಿಸಿ, ಕೈಗೆ ಒಂದು ಕವರು, ಎರಡು ನಿಂಬೆಹಣ್ಣು ಕೊಟ್ಟರು. ದೊಡ್ಡಪ್ಪ ಡ್ರೈವರಿನ ಹಿಂದಿನ ಸೀಟಿನಲ್ಲಿ ಜರಿಯ ಶಲ್ಯ ಹೊದ್ದು ಕೂತರು. ಹೊರಡುವ ಮೊದಲು ತಿಂಡಿಗೆ ಶ್ಯಾವಿಗೆ, ಕಾಯಿಹಾಲು ಮಾಡಿದ್ದೆವು. ಯಜಮಾನರು ಬೇಡ ಬೇಡ ಅನ್ನುತ್ತಲೇ ಮತ್ತೆ ಮತ್ತೆ ಬಡಿಸಿಕೊಂಡಿದ್ದರು.

ಕೊಪ್ಪ ದಾಟಿ ಸ್ವಲ್ಪ ದೂರವಷ್ಟೇ. ತಿರುವುಗಳು ಶುರುವಾದವು. ದೊಡ್ಡಪ್ಪನ ಕುತ್ತಿಗೆಯ ಮೇಲೆ ಬೆವರು ಕಂಡಿತು. ಕಿಟಕಿ ತೆಗೆಯಲು ಕೈ ಹಾಕಿದರು, ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆಮೇಲೆ... ಓದುವವರು ಕ್ಷಮಿಸಬೇಕು. ಶ್ಯಾವಿಗೆ ಶ್ಯಾವಿಗೆಯಾಗಿಯೇ ಹೊರಗೆ ಬಂತು. ಜರಿಯ ಶಲ್ಯ, ಪಂಚೆ, ಸೀಟು, ನೆಲ. ಕಾಯಿಹಾಲು ಏರು ಬಂದಾಗ ಹಿಂದಕ್ಕೆ ಹರಿಯಿತು, ಇಳಿಜಾರಿನಲ್ಲಿ ಮುಂದಕ್ಕೆ. ನಮ್ಮ ಕುಲದ ಹೆಂಗಸರೆಲ್ಲ ಸೀರೆಯ ನೆರಿಗೆ ಎತ್ತಿಕೊಂಡು ಕಾಲುಗಳನ್ನು ಸೀಟಿನ ಮೇಲಿಟ್ಟರು. ಗಂಡಸರು ಹೊರಗಿನ ಮರಗಳನ್ನು ನೋಡತೊಡಗಿದರು. ಒಬ್ಬರೂ ಏಳಲಿಲ್ಲ.

ಎದ್ದು ಬಂದವಳು ಚಿಕ್ಕಮ್ಮ. ಮಗಳ ಮದುವೆಗೆಂದು ಉಟ್ಟ ರೇಷ್ಮೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಓಲಾಡುವ ಬಸ್ಸಿನಲ್ಲಿ ಮೊಣಕಾಲೂರಿ, ಹಳೆಯ ಪೇಪರಿನಿಂದ ಬಾಚಿ ಬಾಚಿ ತೆಗೆದಳು. ನಾನು ನೀರು ಹಾಕಿದೆ. ತನಗೆ ಕೊಟ್ಟಿದ್ದ ನಿಂಬೆಹಣ್ಣನ್ನು ಉಗುರಿನಿಂದ ಗೀರಿ ದೊಡ್ಡಪ್ಪನ ಕೈಯಲ್ಲಿಟ್ಟು, “ಮೂಸಿ ನೋಡಿ ಭಾವ, ಸರಿ ಆಗ್ತದೆ” ಅಂದಳು. ಅವಳ ದನಿಯಲ್ಲಿ ಹಂಗಿಸುವ ಎಳೆ ಇತ್ತೇ ಅಂತ ನಾನು ಎಷ್ಟೋ ಸಲ ನೆನೆದು ನೋಡಿದ್ದೇನೆ. ಇರಲಿಲ್ಲ.

ದೊಡ್ಡಮ್ಮ ಇಡೀ ಬಸ್ಸಿಗೆ ಕೇಳುವ ಹಾಗೆ, “ಇವ್ರಿಗೆ ಪಿತ್ತ. ಬೇಗ ಎದ್ರೆ ಹಿಂಗೇ ಆಗೂದು” ಅಂದರು. ಎಲ್ಲರೂ ತಲೆಯಾಡಿಸಿದರು. ಯಜಮಾನ ಕಕ್ಕಿದರೆ ಪಿತ್ತ, ಕಿರಿ ಸೊಸೆ ಕಕ್ಕಿದರೆ ಬಸ್ಸು.

ಛತ್ರದ ಬಾಗಿಲಲ್ಲಿ ಗಂಡಿನ ಕಡೆಯವರು ಪನ್ನೀರು ಹಿಡಿದು ನಿಂತಿದ್ದರು. ಬಸ್ಸಿನ ಬಾಗಿಲು ತೆಗೆದ ಕೂಡಲೇ ವಾಸನೆ ಅವರ ಮೂಗಿಗೆ ಬಡಿಯಿತು. ಪಂಚೆ ಬದಲಾಯಿಸಿಕೊಂಡ ದೊಡ್ಡಪ್ಪ ಮುಷ್ಟಿಯಲ್ಲಿ ನಿಂಬೆಹಣ್ಣು ಹಿಡಿದು ಮೊದಲು ಇಳಿದರು. ಸೀರೆಯ ಅಂಚೆಲ್ಲ ಒದ್ದೆಯಾಗಿದ್ದ ಚಿಕ್ಕಮ್ಮ ಕೊನೆಗೆ ಇಳಿದಳು. ಹುಡುಗನ ತಾಯಿಯ ಕಣ್ಣು ಆ ಅಂಚಿನ ಮೇಲೆ ಬಿತ್ತು. ಅವರು ಕೇಳುವ ಮೊದಲೇ ದೊಡ್ಡಮ್ಮನ ಬಾಯಿಂದ ಉತ್ತರ ಬಂತು. “ನಮ್ಮ ಹುಡುಗಿ ತಾಯಿಗೆ ಬಸ್ಸು ಆಗೂದಿಲ್ಲ. ಪಾಪ, ದಾರಿ ಉದ್ದಕ್ಕೂ...”

ದೊಡ್ಡಪ್ಪ ‘ಏನು ಮಾಡೂದು’ ಅನ್ನುವ ಹಾಗೆ ತಲೆ ಆಡಿಸಿದರು. ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು. ಅವಳ ಕೈ ಇನ್ನೂ ಒದ್ದೆಯಾಗಿತ್ತು.

“ಇರ್ಲಿ ಬಿಡೆ. ಧಾರೆ ಮುಗೀಲಿ.”

ಧಾರೆ ಮುಗಿಯಿತು. ಆಮೇಲೆ ಸೀಮಂತ ಬಂತು. ನರಸಿಂಹರಾಜಪುರದ ಬೀಗರು ಬಹಳ ಒಳ್ಳೆಯವರು, “ಪಾಪ, ಅವ್ರಿಗೆ ಬಸ್ಸು ಆಗೂದಿಲ್ಲ, ತೊಂದ್ರೆ ಕೊಡೂದು ಬೇಡ” ಅಂತ ದೊಡ್ಡಪ್ಪ, ದೊಡ್ಡಮ್ಮ ಇಬ್ಬರನ್ನೇ ಕರೆದರು. ನಾನು ಕೆಂಡವಾದೆ. ನಾಳೆಯೇ ಹೋಗಿ ಹೇಳುತ್ತೇನೆ ಅಂದೆ. “ಬಸುರಿ ಹುಡುಗಿ ಮನೇಲಿ ಜಗಳ ಬ್ಯಾಡ. ಸೀಮಂತ ಮುಗೀಲಿ” ಅಂದಳು ಚಿಕ್ಕಮ್ಮ. ಬಾಣಂತನಕ್ಕೆ ಬಸ್ಸಿನ ಅಡ್ಡಿ ಬರಲಿಲ್ಲ, ಮಗಳೇ ಕೊಪ್ಪಕ್ಕೆ ಬಂದಳಲ್ಲ! ಎಣ್ಣೆ ತಿಕ್ಕಲು, ನೀರು ಹೊಯ್ಯಲು ಚಿಕ್ಕಮ್ಮ ಬೇಕಾದಳು. ಆಮೇಲೆ ಮೊಮ್ಮಗನ ಹುಟ್ಟುಹಬ್ಬ, ಅಳಿಯನ ಹೊಸ ಮನೆಯ ಗೃಹಪ್ರವೇಶ. ಕರೆಯದ ಮನೆಗೆ ಹೋಗುವ ಹೆಂಗಸಲ್ಲ ಅವಳು. ಪ್ರತಿಯೊಂದು ಸಲವೂ ಅದೇ ಮಾತು, ಇದೊಂದು ಮುಗೀಲಿ. ನಮ್ಮ ಮನೆಗಳಲ್ಲಿ ಶುಭಕಾರ್ಯಗಳು ಮುಗಿಯುವುದುಂಟೇ? ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಪ್ರತಿ ಕಾರ್ಯದಲ್ಲೂ ಯಾರಾದರೂ ಆ ದಿಬ್ಬಣದ ಕಥೆ ತೆಗೆಯುತ್ತಿದ್ದರು. ಪ್ರತಿ ಸಲ ಅವಳು ಕಕ್ಕಿದ ಪ್ರಮಾಣ ಸ್ವಲ್ಪ ಹೆಚ್ಚುತ್ತಿತ್ತು.

ಕೊನೆಯ ಸಲ ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ನಾನು ಆಂಬುಲೆನ್ಸಿನಲ್ಲಿ ಜೊತೆಗಿದ್ದೆ. ಬಾಗಿಲು ಹಾಕುವ ಮೊದಲು ದೊಡ್ಡಮ್ಮ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕವರು ಕೊಟ್ಟರು. “ಅವ್ಳಿಗೆ ಗಾಡಿ ಆಗೂದಿಲ್ಲ, ಇಟ್ಕೊ.” ಚಿಕ್ಕಮ್ಮನಿಗೆ ಎಚ್ಚರವಿತ್ತು. ಕಣ್ಣು ಮುಚ್ಚಿಕೊಂಡೇ ತುಟಿ ಕೊಂಕಿಸಿದಳು. ನಕ್ಕಿದ್ದು ಅಂತ ಇವತ್ತಿಗೂ ನಂಬಿದ್ದೇನೆ... ಕವರು ಖಾಲಿಯಾಗಿಯೇ ವಾಪಸು ಬಂತು. ಅವಳು ಬರಲಿಲ್ಲ.

ಕೆರೆಕಟ್ಟೆಯಲ್ಲಿ ಚಹಾ ಕುಡಿಯಲು ವ್ಯಾನು ನಿಂತಿತು. ಹಳದಿ ಟೀ ಶರ್ಟುಗಳೆಲ್ಲ ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತು ‘ಚಿಕ್ಕಮ್ಮನ ಊರು’ ಅಂತ ಕೂಗಿ ವೀಡಿಯೋ ಮಾಡಿದವು. ಅವಳ ತವರಿನವರು ಯಾರೂ ಈಗ ಅಲ್ಲಿಲ್ಲ. ಅಣ್ಣ ಆ ಕಥೆಯನ್ನು ಚಹಾದಂಗಡಿಯವನಿಗೂ ಹೇಳಿದ. ಆ ಮನುಷ್ಯ ಯಾರು ಯಾರು ಅಂತ ತಿಳಿಯದೆ, ಗಿರಾಕಿಗಳು ನಕ್ಕರು ಅಂತ ತಾನೂ ನಕ್ಕ. ಎಂಥ ದರಿದ್ರ ಬದುಕು ಅನ್ನಿಸಿತು ನನಗೆ. ಜೀವಮಾನವೆಲ್ಲ ಇವರ ಹೊಲಸು ಬಳಿದ ಹೆಂಗಸು, ಸತ್ತ ಮೇಲೂ ಅವಳ ಹೆಸರಿನಲ್ಲಿ ಉಳಿದದ್ದು ಇವರ ಹೊಲಸೇ.

ತಂಗಿಯನ್ನು ಬದಿಗೆ ಕರೆದು ಹೇಳಿಬಿಟ್ಟೆ. ಶ್ಯಾವಿಗೆ, ಕಾಯಿಹಾಲು, ಶಲ್ಯ, ನಿಂಬೆಹಣ್ಣು, ಒದ್ದೆ ಸೀರೆ, ಒಂದನ್ನೂ ಬಿಡಲಿಲ್ಲ. ಅವಳು ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು. ಚಹಾ ಕುಡಿಯಲಿಲ್ಲ. ಅವಳ ಕಣ್ಣು ಸ್ವಲ್ಪ ಕೆಂಪಾಯಿತು. ಈಗ ಹೋಗಿ ಅಣ್ಣನ ಎದುರು ನಿಲ್ಲುತ್ತಾಳೆ ಅಂದುಕೊಂಡೆ.

ಆಚೆ ಅಣ್ಣ, “ಹತ್ತಿ ಹತ್ತಿ, ಲೇಟಾಯ್ತು” ಅಂತ ಚಪ್ಪಾಳೆ ತಟ್ಟುತ್ತಿದ್ದ. ತಂಗಿ ಅವನ ಕಡೆ ನೋಡಿದಳು, ಬೀಗರ ಕಡೆ ನೋಡಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು.

“ಇರ್ಲಿ ಬಿಡಕ್ಕ. ಅಣ್ಣನ ಅರವತ್ತು ಮುಗೀಲಿ.”

ಚಿಕ್ಕಮ್ಮ ಸತ್ತು ವರ್ಷಗಳಾದವು. ಅವಳು ಇನ್ನಿಲ್ಲ ಅನ್ನುವುದು ನನಗೆ ಪೂರ್ತಿ ತಿಳಿದದ್ದು ಆ ಗಳಿಗೆಯಲ್ಲಿ. ಅವಳ ಪರವಾಗಿ ಸಾಕ್ಷಿ ಹೇಳಲು ಉಳಿದವಳು ನಾನೊಬ್ಬಳು, ಕೇಳಬೇಕಾಗಿದ್ದ ಒಬ್ಬಳೂ ಹೀಗೆ.

ವ್ಯಾನು ಹತ್ತಿ ಕೂತೆ. ಬಾಗಿಲು ಹಾಕಿದ ಕೂಡಲೇ ಆ ಸುಳ್ಳು ನಿಂಬೆಹಣ್ಣು ಮತ್ತೆ ಮೂಗಿಗೆ ಬಡಿಯಿತು. ಅಣ್ಣ ನನ್ನ ಮುಖ ನೋಡಿ, “ಎಂತಾಯ್ತೇ? ನಿಂಗೂ ಚಿಕ್ಕಮ್ಮನ ಹಂಗೆ ಬಸ್ಸು ಆಗೂದಿಲ್ವಾ?” ಅಂದ.

“ಬಸ್ಸು ಆಗ್ತದೆ ಅಣ್ಣ. ಬಸ್ಸಲ್ಲಿ ಕೂತವ್ರು ಆಗೂದಿಲ್ಲ” ಅಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಬೀಗರು ತೊಡೆ ತಟ್ಟಿಕೊಂಡರು. ಮುಂದಿನ ಸೀಟಿನಲ್ಲಿ ತಂಗಿಯ ಹೆಗಲು ಮಾತ್ರ ಅಲುಗಲಿಲ್ಲ. ಈ ಮಾತನ್ನು ಅವಳೂ ಎಂದೋ ಅಡುಗೆಮನೆಯಲ್ಲಿ ಕೇಳಿದ್ದಿರಬೇಕು. ಅವಳು ಕೈ ಚಾಚಿ ತನ್ನ ಪಕ್ಕದ ಗಾಜನ್ನು ಪೂರ್ತಿ ಕೆಳಗಿಳಿಸಿದಳು. ಕಾಡಿನ ತಣ್ಣನೆಯ ಗಾಳಿ ಒಳಗೆ ನುಗ್ಗಿತು.

“ಎಸಿ ಹಾಕಿದೀನಿ ಮೇಡಂ, ಗ್ಲಾಸು ಹಾಕಿ” ಅಂದ ಡ್ರೈವರು.

ಅವಳು ಹಾಕಲಿಲ್ಲ.